ಮುಂದಿನಿಂದ ಆರನೆಯದು

ನನ್ನ ಮಗಳ ಬಾಯಲ್ಲಿ ಬಲಗಡೆ, ಕೆಳಸಾಲಿನಲ್ಲಿ, ಮುಂದಿನಿಂದ ಎಣಿಸಿಕೊಂಡು ಹೋದರೆ ಆರನೆಯದಾಗಿ ಸಿಗುವ ದವಡೆ ಹಲ್ಲೊಂದಿದೆ. ಮಗಳು ನಮ್ಮವಳು. ಆ ಹಲ್ಲು ಮಾತ್ರ ಹುಲಿಕೆರೆಯ ಒಬ್ಬ ಹೆಂಗಸಿನದು. ಹೀಗೆಂದರೆ ನನ್ನ ಹೆಂಡತಿಯೂ ಹೌದೆನ್ನುತ್ತಾಳೆ. ಹೆತ್ತವಳೇ ಒಪ್ಪಿದ ಮೇಲೆ ಬೇರೆಯವರ ತಕರಾರು ನನಗೆ ಬೇಕಿಲ್ಲ.

ಆಕೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಕೇಳಿದ್ದಕ್ಕೆ, "ನನ್ ಹೆಸರು ಹಾಕ್ಬೇಡಿ ಅಣ್ಣಾ, ಬೇಕಾದ್ರೆ ಹಲ್ಲಿನ ವಿಚಾರ ಬರ್ಕಳಿ" ಎಂದರು. ಹಳೇಬೀಡಿನ ಮಕ್ಕಳು ಅವರನ್ನು ಹಲ್ಲಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಅರಸೀಕೆರೆಯ ಒಂದು ಹಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರ ಪಕ್ಕ ನಿಂತು ಕೆಲಸ ಮಾಡುತ್ತಿದ್ದವರು ಅವರು. ಕುರ್ಚಿ ಒರೆಸುವುದು, ಸಾಮಾನು ಕುದಿಸುವುದು, ಫಿಲ್ಲಿಂಗಿಗೆ ಸಿಮೆಂಟು ಕಲಸಿ ಕೊಡುವುದು, ಅಳುವ ಮಕ್ಕಳ ತಲೆ ಹಿಡಿಯುವುದು, ಎಲ್ಲ ಅವರದೇ. ಈ ಯುಗಾದಿ ಕಳೆದ ಮೇಲೆ ಡಾಕ್ಟರು ಇನ್ನು ಕೈ ನಡುಗುತ್ತದೆಂದು ಆಸ್ಪತ್ರೆ ಮುಚ್ಚಿದರು. ಹಲ್ಲಕ್ಕನ ಬೆಳಗಿನ ಬಸ್ಸು ಅಲ್ಲಿಗೆ ನಿಂತಿತು. ಅಂದಿನಿಂದ ನನ್ನ ಅಂಗಡಿಯ ಮುಂದಿನ ಕಟ್ಟೆ ಏಳೂಮುಕ್ಕಾಲಕ್ಕೆ ಖಾಲಿ ಇರುತ್ತದೆ. ಅದನ್ನು ದಿನಾ ನೋಡಲಾಗದೆ ಇದನ್ನು ಬರೆಯಲು ಕೂತಿದ್ದೇನೆ.

ನನ್ನದು ಬೇಕರಿ. ಹಳೇಬೀಡಿನ ಬಸ್ ಸ್ಟ್ಯಾಂಡ್ ಪಕ್ಕದಲ್ಲಿದೆ. ದೇವಸ್ಥಾನ ನೋಡಲು ಬಂದವರು ನೀರಿನ ಬಾಟಲಿಗೆ ಬರುತ್ತಾರೆ, ಊರಿನವರು ಖಾರದ ಬನ್ನಿಗೆ, ಮಕ್ಕಳು ಲಾಲಿಪಾಪಿಗೆ. ಬೇಕರಿಯವನ ಮಗಳ ಹಲ್ಲು ಹುಳುಕಾಗುವುದೂ ಒಂದು ಸುದ್ದಿಯೇ ಎಂದು ನೀವು ನಗಬಹುದು. ನಾನೂ ಹಾಗೇ ನಕ್ಕವನು.

ಹಲ್ಲಕ್ಕ ಹುಲಿಕೆರೆಯಿಂದ ಹಾಲಿನ ಗಾಡಿಯಲ್ಲಿ ಬಂದು ಇಳಿಯುತ್ತಿದ್ದರು. ಎಂಟರ ಬಸ್ಸಿಗೆ ಹದಿನೈದು ನಿಮಿಷ ಇರುತ್ತಿತ್ತು. ಕಟ್ಟೆಯ ಮೇಲೆ ಕೂತು ಟೀ ಕುಡಿಯುತ್ತ, ಬನ್ನಿಗೋ ಬ್ರೆಡ್ಡಿಗೋ ಬಂದ ಮಕ್ಕಳನ್ನು ಹತ್ತಿರ ಕರೆಯುತ್ತಿದ್ದರು. ನಮ್ಮ ಕಡೆ ಮಗುವನ್ನು ಕಂಡರೆ ಯಾರ ಮಗಳು, ಯಾರ ಮೊಮ್ಮಗ ಎಂದು ಕೇಳುತ್ತೇವೆ. ಅವರು ಮೊದಲು ಕೇಳುತ್ತಿದ್ದುದು ಮಗುವಿನ ಹೆಸರನ್ನೇ. ಹೆಸರು ಹೇಳಿದ ಮೇಲೆ ಅದನ್ನು ತಾವೊಮ್ಮೆ ಹೇಳಿ, ಸರಿಯಾ ಎಂದು ಮಗುವನ್ನೇ ಕೇಳಿ, ಆಮೇಲೆ ಅದರ ಮುಖವನ್ನು ಬಿಸಿಲಿನ ಕಡೆ ತಿರುಗಿಸುತ್ತಿದ್ದರು. "ಆ ಅನ್ನು." ನನ್ನ ಟೀ ಬಾಯ್ಲರಿನ ಬಿಸಿನೀರಲ್ಲಿ ತೊಳೆದ ಚಮಚದ ಹಿಡಿಯೇ ಅವರ ಸಲಕರಣೆ. ಹಿಡಿಯಿಂದ ಕೆನ್ನೆ ಸರಿಸಿ ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದರು. ವರ್ಷ ಬಿಟ್ಟು ಸಿಕ್ಕ ಹುಡುಗನನ್ನೂ ಹೆಸರು ಹಿಡಿದು ಕರೆದು, "ಮೇಲ್ಗಡೆ ಎಡಗಡೇದು ಹೆಂಗೈತೆ?" ಎನ್ನುತ್ತಿದ್ದರು. ನನಗೆ ದಿನಾ ಬರುವ ಗಿರಾಕಿಗಳ ಹೆಸರೇ ನೆನಪಿರುವುದಿಲ್ಲ.

ನನಗೂ ಅವರಿಗೂ ಮೊದಲ ಜಗಳ ಆದದ್ದು ಜಾಡಿಗಳ ವಿಷಯಕ್ಕೆ. ಲಾಲಿಪಾಪು, ಜೆಲ್ಲಿ, ಅಂಟುಮಿಠಾಯಿ ತುಂಬಿದ ಗಾಜಿನ ಜಾಡಿಗಳನ್ನು ನಾನು ಕೆಳಗಿನ ಹಲಗೆಯ ಮೇಲೆ ಸಾಲಾಗಿಟ್ಟಿದ್ದೆ. ಮಗುವಿನ ಕಣ್ಣು, ಜಾಡಿಯ ಹೊಟ್ಟೆ ಒಂದೇ ಎತ್ತರಕ್ಕೆ ಬರಬೇಕು, ಇದು ವ್ಯಾಪಾರದ ಮೊದಲ ಪಾಠ.

"ಇವುನ್ನ ಮೇಲಕ್ಕಿಡಿ ಅಣ್ಣಾ" ಎಂದರು.

"ಅಕ್ಕಾ, ನಾನು ಅಂಗಡಿ ಮುಚ್ಚಿ ಮಠ ಸೇರ್ಲಾ?"

"ಮಾರಬ್ಯಾಡಿ ಅಂದ್ನಾ? ಕೇಳ್ದೋರಿಗೆ ಕೊಡಿ. ಕೇಳ್ದೇ ಇರೋ ಮಕ್ಕಳ ಕಣ್ಣಿಗೆ ಯಾಕೆ ಕಟ್ತೀರಾ?"

ನಾನು ಇಡಲಿಲ್ಲ. ಅವರು ಬಿಡಲಿಲ್ಲ. ದಿನಾ ಟೀ ಕುಡಿದು ಏಳುವಾಗ ಒಂದು ಜಾಡಿಯನ್ನೆತ್ತಿ ಮೇಲಿನ ಹಲಗೆಗೆ ಇಟ್ಟು ಹೋಗುತ್ತಿದ್ದರು, ಬಸ್ಸು ಹೊರಟ ಮೇಲೆ ನಾನು ಕೆಳಗಿಡುತ್ತಿದ್ದೆ. ಹೀಗೇ ಆರು ತಿಂಗಳು ನಡೆಯಿತು. ಕೊನೆಗೆ ನನ್ನ ಸೊಂಟಕ್ಕೇ ಬೇಜಾರಾಗಿ ಜಾಡಿಗಳು ಮೇಲೇ ಉಳಿದವು.

ಇನ್ನೊಂದು ವಿಷಯ ಹೇಳದೆ ಹೋದರೆ ಈ ಬರಹ ಸುಳ್ಳಾಗುತ್ತದೆ. ಬೆಳಗಿನ ಹೊತ್ತು ಗಲ್ಲಾಪೆಟ್ಟಿಗೆಯ ಮುಂದೆ ಕೂರುವುದು ನಮ್ಮವ್ವ. ತೆಂಗಿನಕಾಯಿ ವ್ಯಾಪಾರದ ಮನೆಯಿಂದ ಬಂದವಳು, ಮಠಕ್ಕೆ ನಡೆದುಕೊಳ್ಳುವವಳು. ಹಲ್ಲಕ್ಕ ಬರತೊಡಗಿದ ಹೊಸದರಲ್ಲಿ ಅವ್ವ ನೇರವಾಗಿಯೇ ಕೇಳಿದಳು, "ಯಾವ ಪೈಕಿ ನೀವು?"

ಹಲ್ಲಕ್ಕ ಟೀ ಊದುತ್ತಲೇ ಹೇಳಿದರು, "ಹಲ್ಲಿನ ಪೈಕಿ ಕಣವ್ವಾ. ಮೂವತ್ತೆರಡು ಮನೆ ನಮ್ಮವು. ನಿಮ್ಮ ಬಾಯಾಗೆ ಎಷ್ಟು ಮನೆ ಉಳ್ಕಂಡವೆ?"

ಅವ್ವ ಬಾಯಿ ಮುಚ್ಚಿಕೊಂಡಳು. ಆದರೆ ಯಾವ ಪೈಕಿ ಎನ್ನುವುದು ನಮ್ಮಂಥ ಊರಲ್ಲಿ ಎಷ್ಟು ದಿನ ಗುಟ್ಟಾಗಿರುತ್ತದೆ? ಆಮೇಲಿಂದ ಎಲ್ಲರಿಗೂ ಗಾಜಿನ ಲೋಟದಲ್ಲಿ ಬರುತ್ತಿದ್ದ ಟೀ ಹಲ್ಲಕ್ಕನಿಗೆ ಮಾತ್ರ ಪೇಪರ್ ಲೋಟದಲ್ಲಿ ಬರತೊಡಗಿತು. ಅವರು ಅದರಲ್ಲೇ ಕುಡಿದು, ಲೋಟ ಮಡಚಿ ಬುಟ್ಟಿಗೆ ಹಾಕಿ ಬಸ್ಸು ಹತ್ತುತ್ತಿದ್ದರು. ನಾನು ನೋಡಿಯೂ ನೋಡದವನಂತೆ ಬನ್ನು ಜೋಡಿಸುತ್ತಿದ್ದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ.

ನಮ್ಮ ಸಿಂಚನಳಿಗೆ ಆರು ತುಂಬಿ ಕೆಲವು ತಿಂಗಳಾಗಿತ್ತು. ತಣ್ಣೀರು ಕುಡಿದರೆ ಬಲಗೆನ್ನೆ ಹಿಡಿದುಕೊಳ್ಳುತ್ತಿದ್ದಳು. ಅವ್ವ ಲವಂಗ ಇಟ್ಟಳು, ಹೆಂಡತಿ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಲು ಹೇಳಿದಳು, ನಾನು ಜಾಣತನ ಹೇಳಿದೆ. ಹಲ್ಲಕ್ಕ ಒಂದು ಬೆಳಿಗ್ಗೆ ಅವಳ ಬಾಯಿ ನೋಡುವಾಗಲೂ ಅದೇ ಜಾಣತನ.

"ಬಿಡಕ್ಕಾ, ಹಾಲುಹಲ್ಲು. ಇವತ್ತಲ್ಲ ನಾಳೆ ಬಿದ್ದೋಗುತ್ತೆ."

ಅವರು ಚಮಚ ಕೆಳಗಿಟ್ಟು ನನ್ನ ಮುಖ ನೋಡಿದರು. "ಬನ್ನಿ ಇಲ್ಲಿ. ನೀವೇ ಎಣಿಸಿ. ನಡುಮಧ್ಯದಿಂದ ಒಂದು ಮಗ್ಗುಲಿಗೆ."

ಎಣಿಸಿದೆ. ಐದಾಯಿತು, ಅದರಾಚೆ ದಪ್ಪನೆಯದೊಂದು, ನಡುವೆ ಕಪ್ಪು ಗುಳಿ.

"ಐದರ ಗಂಟ ಹಾಲುಹಲ್ಲು. ಆರನೇದು ಉಳಿಯೋಕೇ ಬಂದಿರೋದು. ಯಾವ ಹಾಲುಹಲ್ಲನ್ನೂ ಬೀಳಿಸದೆ ಹಿತ್ಲು ಬಾಗಿಲಿಂದ ಬತ್ತದೆ, ಅದುಕ್ಕೇ ಅಪ್ಪ ಅಮ್ಮಂದ್ರಿಗೆ ಗೊತ್ತಾಗಕಿಲ್ಲ. ಇದು ಹೋದ್ರೆ ಮತ್ತೊಂದು ಬರಾಕಿಲ್ಲ ಅಣ್ಣಾ."

ಅದೇ ವಾರ ಅರಸೀಕೆರೆಗೆ ಹೋಗಿ ಫಿಲ್ಲಿಂಗ್ ಮಾಡಿಸಿದೆವು. ಡಾಕ್ಟರು ಮಾತು ಕಡಿಮೆ, ಕೈ ಚುರುಕು. ಮಗಳು ಅಳಲಿಲ್ಲ, ಹಲ್ಲಕ್ಕ ಅವಳ ಕಿವಿಯಲ್ಲಿ ನಮ್ಮ ಬೇಕರಿಯ ತಿಂಡಿಗಳ ಹೆಸರನ್ನೆಲ್ಲ ಒಂದೊಂದಾಗಿ ತಪ್ಪು ತಪ್ಪಾಗಿ ಹೇಳುತ್ತಿದ್ದರು. ದಿಲ್‌ಪಸಂದಿಗೆ ದಿಲ್‌ಕುಸುಂಬ ಎಂದಾಗ ಅವಳು ನಗು ತಡೆಯಲಾರದೆ ಹೊಟ್ಟೆ ಕುಲುಕಿಸಿದಳು. ಹೊರಡುವಾಗ ನನಗೆ ಹೇಳಿದರು, "ತುಟಿ ಮರಗಟ್ಟೈತೆ. ಸರಿಹೋಗೋ ಗಂಟ ಏನೂ ತಿನ್ನಿಸ್ಬೇಡಿ." ನಾನು ಹೂಂ ಎಂದೆ. ರೈಲ್ವೆ ಸ್ಟೇಷನ್ ಮುಂದೆ ವಡೆಯ ವಾಸನೆ ಬಂತು. ಅಳದೆ ಕೂತ ಮಗಳಿಗೆ ಒಂದು ವಡೆ ಕೊಡಿಸದ ಅಪ್ಪ ಎಂಥ ಅಪ್ಪ? ವಡೆಯ ಜೊತೆ ಅವಳು ತನ್ನ ತುಟಿಯನ್ನೂ ಅಗಿದಳು. ನೋವೇ ಗೊತ್ತಾಗಲಿಲ್ಲ. ಊರು ಮುಟ್ಟುವಷ್ಟರಲ್ಲಿ ತುಟಿ ನಮ್ಮ ಬನ್ನಿನಂತೆ ಉಬ್ಬಿತ್ತು. ಮರುದಿನ ಅದನ್ನು ನೋಡಿದ ಹಲ್ಲಕ್ಕ ನನಗೆ ಏನೂ ಅನ್ನದೆ ಮಗಳಿಗೆ ಹೇಳಿದರು, "ಸಿಂಚನಾ, ಇನ್ಮೇಲೆ ನಾನು ಹೇಳಿದ್ದನ್ನ ನೀನೇ ನೆಪ್ಪಿಟ್ಕಾ. ನಿಮ್ಮಪ್ಪ ಇನ್ನಾ ಚಿಕ್ಕೋರು."

ಆಗಿನಿಂದ ಅವರ ಕಾನೂನುಗಳು ನಮ್ಮ ಮನೆಯಲ್ಲಿ ಜಾರಿಗೆ ಬಂದವು. ಸಿಹಿ ತಿನ್ನುವುದಾದರೆ ಊಟದ ಜೊತೆಗೇ ತಿಂದು ಮುಗಿಸಬೇಕು, ದಿನವಿಡೀ ಚೀಪಬಾರದು. ಮಲಗುವ ಮುಂಚೆ ಹಲ್ಲುಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಒಳಗೆ ಹೋಗಬಾರದು. ಮಗು ಉಜ್ಜಿದ ಮೇಲೆ ದೊಡ್ಡವರು ಇನ್ನೊಮ್ಮೆ ಉಜ್ಜಬೇಕು. ಎಲ್ಲಿಯವರೆಗೆ ಎಂದು ನನ್ನ ಹೆಂಡತಿ ಕೇಳಿದ್ದಕ್ಕೆ, "ತನ್ ಜಡೆ ತಾನೇ ನೆಟ್ಟಗೆ ಹಾಕ್ಕಳೋ ಗಂಟ. ಜಡೆ ಹಾಕಾಕೆ ಬರ್ದಿದ್ ಕೈಗೆ ಹಿಂದಿನ ಹಲ್ಲು ಉಜ್ಜಾಕೆ ಎಲ್ಲಿ ಬಂದಾತು?" ಎಂದರು. ಗಂಡುಮಕ್ಕಳ ತಾಯಂದಿರಿಗೆ ಏನು ಹೇಳುತ್ತಿದ್ದರೋ ನಾನು ಕೇಳಲಿಲ್ಲ.

ಮುಂದಿನ ಸಂಕ್ರಾಂತಿಯಲ್ಲಿ ಎಡವಟ್ಟಾಯಿತು. ಎಳ್ಳುಬೆಲ್ಲ ಬೀರಲು ಹೋದ ಮಗಳು ಎಲ್ಲೋ ಸಿಕ್ಕ ಸಕ್ಕರೆ ಅಚ್ಚಿನ ಕೋಳಿಯ ತಲೆಯನ್ನು ಬಲಗಡೆಯೇ ಇಟ್ಟು ಕಡಿದಳು. ಫಿಲ್ಲಿಂಗ್ ಎದ್ದು ಬಂತು. ಅಂಗೈಯಲ್ಲಿ ಅದನ್ನು ಹಿಡಿದುಕೊಂಡು ಅಂಗಡಿಗೆ ಓಡಿ ಬಂದಳು. ನೋವಿದೆಯಾ ಎಂದು ಕೇಳಿದೆ, ಇಲ್ಲ ಎಂದಳು. ನನಗೆ ಧೈರ್ಯ ಬಂತು. ಕೇಕಿನ ಮೇಲಿನ ಹೂವು ಬಿದ್ದರೆ ಒಂದು ತೊಟ್ಟು ಕ್ರೀಮು ಹಚ್ಚಿ ಅದನ್ನೇ ಮತ್ತೆ ಕೂರಿಸುವ ಕೈ ನನ್ನದು. ಇದನ್ನೂ ಡಾಕ್ಟರು ಹಾಗೇ ಕೂರಿಸುತ್ತಾರೆಂದು ಆ ಚೂರನ್ನು ಬೆಣ್ಣೆ ಕಾಗದದಲ್ಲಿ ಸುತ್ತಿ ಗಲ್ಲಾಪೆಟ್ಟಿಗೆಯ ಮೂಲೆಯಲ್ಲಿಟ್ಟೆ. ಮದುವೆ ಆರ್ಡರುಗಳ ಕಾಲ, ಪುರುಸೊತ್ತಾದಾಗ ಹೋದರಾಯಿತು. "ಹಲ್ಲಕ್ಕಂಗೆ ಈಗ್ಲೇ ಹೇಳ್ಬೇಡ" ಎಂದು ಮಗಳಿಗೆ ಹೇಳಿಕೊಟ್ಟವನೂ ನಾನೇ. ಬೈಸಿಕೊಳ್ಳಲು ಹೆದರಿಕೆ, ಅಷ್ಟೆ.

ಮಗಳು ಬೆಳಗಿನ ಹೊತ್ತು ಅಂಗಡಿಗೆ ಬರುವುದನ್ನೇ ಬಿಟ್ಟಳು. ಎರಡು ತಿಂಗಳು ಕಳೆಯಿತು. ಒಂದು ದಿನ ಸ್ಕೂಲಿಗೆ ಹೊರಟವಳು ರಸ್ತೆಯ ಆಚೆ ಬದಿಯಲ್ಲಿ ಬನ್ನು ತಿನ್ನುತ್ತ ನಿಂತಿದ್ದಳು. ಕಟ್ಟೆಯ ಮೇಲಿಂದ ಅವಳನ್ನೇ ನೋಡುತ್ತಿದ್ದ ಹಲ್ಲಕ್ಕ ಲೋಟ ಕೆಳಗಿಟ್ಟರು.

"ಅಣ್ಣಾ, ಇವ್ಳು ಎಡಗಡೇಲೇ ಅಗೀತಾವ್ಳೆ. ಏನಾಗೈತೆ?"

ಕರೆದು ಬಾಯಿ ತೆಗೆಸಿದರು. ಎಣಿಸಲಿಲ್ಲ, ನೇರ ಆರನೆಯದಕ್ಕೇ ಹೋದರು. ನಾನು ಬೆಣ್ಣೆ ಕಾಗದದ ಪೊಟ್ಟಣ ತಂದು ಅವರ ಕೈಗೆ ಕೊಟ್ಟೆ. ಬಿಚ್ಚಿ ನೋಡಿ ಅವರಿಗೆ ಮೊದಲು ನಗು ಬಂತು, ಆಮೇಲೆ ಮುಖ ಕಪ್ಪಾಯಿತು. ಗುಳಿ ಎರಡರಷ್ಟು ದೊಡ್ಡದಾಗಿತ್ತು. ಹಿಂದಿನ ವಾರದಿಂದ ನೋವೂ ಇತ್ತಂತೆ. ಅಪ್ಪ ಹೇಳಬೇಡ ಎಂದದ್ದರಿಂದ ಮಗಳು ನನಗೂ ಹೇಳಿರಲಿಲ್ಲ.

ತಪ್ಪು ಮಾಡಿದವನಿಗೆ ಸಿಟ್ಟು ಜಾಸ್ತಿ. ನಾನು ಕೂಗಾಡಿದೆ. "ಒಂದು ಹಲ್ಲಿಗೆ ಎಷ್ಟು ಸಲ ಅಂಗಡಿ ಮುಚ್ಚೋದಕ್ಕಾ? ಬೇಲೂರಿಗೆ ಕರ್ಕೊಂಡೋಗಿ ಕೀಳಿಸಿ ಬರ್ತೀನಿ. ಇರೋ ಹಲ್ಲಲ್ಲಿ ಒಂದು ಹೋದ್ರೆ ಏನು ಮುಳುಗೋಗುತ್ತೆ?"

ಎಂಟರ ಬಸ್ಸು ಬಂದು ನಿಂತಿತು. ಕಂಡಕ್ಟರು ಅವರನ್ನು ಹೆಸರು ಹಿಡಿದು ಕೂಗಿದ. ಹಲ್ಲಕ್ಕ ಏಳಲಿಲ್ಲ. ಬಸ್ಸು ಹೋಯಿತು. ನಾನು ಕಂಡಂತೆ ಅವರು ಬಸ್ಸು ಬಿಟ್ಟದ್ದು ಅದೊಂದೇ ಸಲ. ಮಗಳನ್ನು ಒಳಗೆ ಕಳಿಸಿ, ನನ್ನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡರು.

"ನಾನು ಕೆಲ್ಸಕ್ಕೆ ಸೇರಿ ಒಂದು ವರ್ಸ ಆಗಿತ್ತು. ಎಲ್ಲಾ ಬತ್ತದೆ ನಂಗೆ ಅಂತ ಕೊಬ್ಬು. ಡಾಕ್ಟ್ರು ಊಟಕ್ಕೆ ಹೋಗಿದ್ರು. ಜಾವಗಲ್ ಕಡೆಯೋರು ಒಬ್ರು, ಕಾಯಿ ಕೆಡವೋ ಕೆಲ್ಸದೋರು, ಮಗಳನ್ನ ಹೆಗಲ ಮ್ಯಾಲೆ ಹೊತ್ಕಂಡು ಬಂದ್ರು. ಬಸ್ಸು ತಪ್ಪೋಯ್ತದೆ ಅಂತ ಆತುರ. ನಾನೇ ಬಾಯಿ ನೋಡ್ದೆ. ನೀವಂದ್ರಲ್ಲಾ, ಅದ್ನೇ ಅಂದೆ. ಹಾಲುಹಲ್ಲು ಕಣಣ್ಣಾ, ಬಿದ್ದೋಯ್ತದೆ, ಬಸ್ಸು ಹಿಡೀರಿ ಅಂತ. ನಂಗೇ ಕೈ ಮುಗ್ದು ಹೋದ್ರು."

ಅವರು ಬೆಣ್ಣೆ ಕಾಗದವನ್ನು ಮತ್ತೆ ಮಡಚಿ ಕಟ್ಟೆಯ ಮೇಲಿಟ್ಟರು.

"ಒಂದು ವರ್ಸ ಬಿಟ್ಟು ಬಂದ್ರು. ಮಗೀನ ಕೆನ್ನೆ ಹಿಂಗೆ ಊದಿತ್ತು. ಬಲಗಡೆ, ಕೆಳಗೆ, ಆರನೇದು. ಉಳಿಸಾಕಾಗಲಿಲ್ಲ. ಡಾಕ್ಟ್ರು ಕಿತ್ತು ಕೈಯಾಗಿಟ್ಕಂಡು, ಇದನ್ನ ಹಾಲುಹಲ್ಲು ಅಂದೋರು ಯಾರ್ರೀ ಅಂತ ರೇಗಿದ್ರು. ನಾನು ಅಲ್ಲೇ ನಿಂತಿದ್ದೆ ಅಣ್ಣಾ, ಮಗೀನ ತಲೆ ಹಿಡ್ಕಂಡು. ಆ ಯಪ್ಪ ನನ್ ಕಡೀಕೆ ತಿರುಗೂ ನೋಡ್ಲಿಲ್ಲ. ಊರಾಗೆ ಯಾರೋ ಅಂದ್ರು ಸ್ವಾಮಿ, ಅಂದ. ನನ್ ಕೆಲ್ಸ ಉಳೀತು. ನಾನು ಬಾಯಿ ಬಿಡ್ಲಿಲ್ಲ. ಆ ಮಗೀನ ಹೆಸ್ರು ಏನು ಅಂತ ಎಲ್ಡು ಸಲಾನೂ ನಾನು ಕೇಳಿರ್ಲಿಲ್ಲ. ಮತ್ತೆ ಅವ್ರು ಬರ್ಲೇ ಇಲ್ಲ."

ಒಂಬತ್ತೂವರೆಯ ಬಸ್ಸಿಗೆ ನಾವು ಮೂವರೂ ಅರಸೀಕೆರೆಗೆ ಹೋದೆವು. ಅಂಗಡಿಯನ್ನು ಅವ್ವ ನೋಡಿಕೊಂಡಳು.

ಹುಳುಕು ನರದ ಹೊಸ್ತಿಲಲ್ಲಿ ನಿಂತಿದೆ ಎಂದರು ಡಾಕ್ಟರು. ಔಷಧಿ ಇಟ್ಟು ತಾತ್ಕಾಲಿಕವಾಗಿ ಮುಚ್ಚುತ್ತೇನೆ, ಮೂರು ತಿಂಗಳು ನೋವಿಲ್ಲದೆ ಕಳೆದರೆ ಹಲ್ಲು ನಿಮ್ಮದು, ಕಳೆಯದಿದ್ದರೆ ನನ್ನನ್ನು ಕೇಳಬೇಡಿ ಎಂದರು. ಆ ಮೂರು ತಿಂಗಳು ನಮ್ಮ ಮನೆಯಲ್ಲಿ ಪರೀಕ್ಷೆಯ ಕಾಲ. ಬನ್ನನ್ನು ಹಾಲಲ್ಲಿ ನೆನೆಸಿ ಎಡಗಡೆ ತಿನ್ನುತ್ತಿದ್ದಳು. ಚಕ್ಕುಲಿ, ಕೊಬ್ಬರಿ ಮಿಠಾಯಿ, ಕಡಲೆ, ಎಲ್ಲ ಬಂದ್. ಹಲ್ಲಕ್ಕ ದಿನಾ ಬೆಳಿಗ್ಗೆ ಬಿಸಿಲಿಗೆ ಮುಖ ತಿರುಗಿಸಿ ನೋಡುತ್ತಿದ್ದರು. ನಾನು ಬ್ರೆಡ್ಡು ಕೊಯ್ಯುವ ಚಾಕು ಹಿಡಿದುಕೊಂಡೇ ಅವರ ಮುಖ ನೋಡುತ್ತಿದ್ದೆ. "ಇವತ್ತು ಐತೆ" ಎನ್ನುತ್ತಿದ್ದರು. ನಾಳೆಯ ಮಾತನ್ನು ಒಂದು ದಿನವೂ ಆಡಲಿಲ್ಲ. ಮಗಳಿಗೆ ಜ್ವರ ಬಂದು ಮಲಗಿದ್ದ ವಾರ, ಬಸ್ಸು ಹೊರಡುವ ಮುಂಚೆ ನಮ್ಮ ಮನೆಯವರೆಗೆ ದಾಪುಗಾಲು ಹಾಕಿ ಬಂದು ಕಿಟಕಿಯಲ್ಲೇ ನೋಡಿ ಹೋದರು.

ಮೂರು ತಿಂಗಳು ಕಳೆಯಿತು. ಡಾಕ್ಟರು ಎಕ್ಸ್‌ರೇ ನೋಡಿ, ತಲೆಯಾಡಿಸಿ, ಗಟ್ಟಿ ಫಿಲ್ಲಿಂಗ್ ಕೂರಿಸಿದರು. ನಾನು ಹಲ್ಲಕ್ಕನ ಕೈಗೆ ಅರ್ಧ ಕೇಜಿ ಬೆಣ್ಣೆ ಬಿಸ್ಕತ್ತಿನ ಡಬ್ಬ ಕೊಡಲು ಹೋದೆ. "ಊಟದ ಜೊತೀಗೇ ತಿನ್ಬೇಕಾ?" ಎಂದು ನಕ್ಕು ತೆಗೆದುಕೊಂಡರು.

ಮರುದಿನ ಬೆಳಿಗ್ಗೆ ಟೀ ಕೊಡಲು ಗಲ್ಲಾಪೆಟ್ಟಿಗೆ ಬಿಟ್ಟು ಅವ್ವನೇ ಎದ್ದಳು. ಗಾಜಿನ ಲೋಟದಲ್ಲಿ ತಂದು ಕೊಟ್ಟಳು. ಹಲ್ಲಕ್ಕ ಲೋಟವನ್ನು ಸೆರಗಿನಲ್ಲಿ ಹಿಡಿದು ಒಂದು ಗುಟುಕು ಕುಡಿದು, "ಇವತ್ತು ಟೀ ಬಿಸಿ ಐತೆ ಕಣವ್ವಾ" ಎಂದರು. ಅವ್ವ ಪಕ್ಕದಲ್ಲಿ ಕೂತು ಬಾಯಿ ತೆಗೆದಳು. ಒಳಗೆ ಹನ್ನೊಂದು ಮನೆ ಉಳಿದಿದ್ದವು.

ಸಿಂಚನಳಿಗೆ ಈಗ ಹದಿನಾರು. ಜಡೆ ತಾನೇ ಹಾಕಿಕೊಂಡು ದಿನಾ ಹಾಸನಕ್ಕೆ ಪಿಯುಸಿಗೆ ಹೋಗಿ ಬರುತ್ತಾಳೆ. ಆ ಫಿಲ್ಲಿಂಗನ್ನು ನಡುವೆ ಒಮ್ಮೆ ಹೊಸದಾಗಿ ಹಾಕಿದ್ದು ಬಿಟ್ಟರೆ ಹಲ್ಲು ಕಲ್ಲಿನಂತಿದೆ. ಕಳೆದ ತಿಂಗಳು ಹಾಸನದಲ್ಲಿ ಅದನ್ನು ನೋಡಿದ ಹುಡುಗಿ ಡಾಕ್ಟರು, "ಚಿಕ್ಕೋಳಿದ್ದಾಗ ಇಷ್ಟು ಆಳಕ್ಕೆ ಹೋಗಿತ್ತಾ? ಚೆನ್ನಾಗಿ ನೋಡ್ಕೊಂಡಿದೀರ ಸಾರ್" ಎಂದರು. ನಾನು ಆ ಮಾತನ್ನು ಜೇಬಿನಲ್ಲಿಟ್ಟುಕೊಂಡು ಬಂದೆ. ಅದು ನನ್ನದಲ್ಲ. ಅಪ್ಪ, ಇದನ್ನ ಹಲ್ಲಕ್ಕಂಗೆ ಹೇಳ್ಬೇಕು ಎಂದಳು ಮಗಳು.

ಭಾನುವಾರ ಹುಲಿಕೆರೆಗೆ ಹೋದೆವು. ಕಲ್ಯಾಣಿಯ ಹಿಂದಿನ ಬೀದಿಯಲ್ಲಿ ಅವರ ಮನೆ. ನಡುಮನೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಡಾಕ್ಟರು ಕೊಟ್ಟುಹೋದ ಹಳೆಯ ಬಾಯಿಗನ್ನಡಿ. ಕಣ್ಣಿಗೆ ಪೊರೆ ಬಂದು ಹಲ್ಲಕ್ಕನಿಗೆ ಈಗ ಮುಖಗಳು ಮಂಜುಮಂಜು. ಆಪರೇಷನ್ನಿಗೆ ದಿನ ಗೊತ್ತಾಗಿದೆಯಂತೆ.

"ಯಾರು?" ಎಂದರು.

ಮಗಳು ಯಾರ ಮಗಳೆಂದು ಹೇಳಲಿಲ್ಲ. "ಸಿಂಚನ" ಎಂದಳು.

"ಬಲಗಡೆ, ಕೆಳಗೆ" ಎಂದು ಅವರು ಎದ್ದೇಬಿಟ್ಟರು. ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆದು ಬಂದರು. ನನ್ನೆತ್ತರಕ್ಕೆ ಬೆಳೆದ ಮಗಳು ಜಗಲಿಯ ಮೇಲೆ ಬಿಸಿಲಿಗೆ ಮುಖ ಕೊಟ್ಟು ಕೂತು, ಹೇಳಿಸಿಕೊಳ್ಳದೆಯೇ ಆ ಎಂದಳು. ಹಲ್ಲಕ್ಕ ಕಣ್ಣು ಮುಚ್ಚಿಕೊಂಡು ಬೆರಳಿನಿಂದಲೇ ಎಣಿಸಿದರು. ಒಂದು. ಎರಡು. ಮೂರು. ನಾಕು. ಐದು. ಆರರ ಮೇಲೆ ಬೆರಳು ನಿಂತಿತು.

"ಐತೆ" ಎಂದರು.

ಬೆರಳು ತೆಗೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ನನಗೋ ಮಗಳಿಗೋ ಗೊತ್ತಾಗದ ಹಾಗೆ ಹೇಳಿದರು, "ಆ ಜಾವಗಲ್ ಕಡೆ ಯಪ್ಪ ಎಲ್ಲವ್ನೆ ಅಂತ ಗೊತ್ತಿದ್ದಿದ್ರೆ, ಇವ್ಳನ್ನ ಕರ್ಕಂಡೋಗಿ ಬಾಯಿ ತೆಗೆಸಿ ತೋರುಸ್ತಿದ್ದೆ."

ಆಮೇಲೆ ಬೆರಳನ್ನು ಮುಂದಕ್ಕೆ ತಂದು, ಮತ್ತೆ ಒಂದರಿಂದ ಎಣಿಸತೊಡಗಿದರು. ಮಗಳು ಬಾಯಿ ಮುಚ್ಚಲಿಲ್ಲ.